ಕಂಪ್ಯೂಟರಿಗೆ ತಂಪು ಮಾಡಿದ ಕೋಣೆ

ಈಗಲೂ ಯಾರಾದರೂ ಯಂತ್ರದ ಹತ್ತಿರ ಹೋದರೆ ನಾನು ಮೊದಲು ಅವರ ಕಾಲು ನೋಡುತ್ತೇನೆ. ಚಪ್ಪಲಿ ಇದೆಯೋ ಇಲ್ಲವೋ, ಕೆಳಗಿನ ನೆಲ ಒಣಗಿದೆಯೋ ಇಲ್ಲವೋ. ಅವ್ವ ಮಿಕ್ಸರ್ ಹಚ್ಚಲು ಹೋದಾಗಲೂ ನನ್ನ ಕಣ್ಣು ಕೆಳಗೇ ಹೋಗುತ್ತದೆ. "ನನ್ನ ಕಾಲುಂಗುರ ಎಣಸಾಕತ್ತಿ ಏನ?" ಎಂದು ಆಕೆ ನಗುತ್ತಾಳೆ. ನಾನೂ ನಗುತ್ತೇನೆ. ಆದರೆ ಮಿಕ್ಸರ್ ನಿಲ್ಲುವವರೆಗೆ ಅಲ್ಲಿಂದ ಕದಲುವುದಿಲ್ಲ.

ಇದು ಶುರುವಾದದ್ದು ಹೋದ ಬೇಸಗೆಯಲ್ಲಿ, ಪಕ್ಕದ ಮನೆಯ ಚಾಚಿಯ ಎಂಬ್ರಾಯ್ಡರಿ ಯಂತ್ರದಿಂದ.

ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರು ಉಮದಿಯಲ್ಲಿ ನಮ್ಮ ಮನೆಗೂ ಚಾಚಿಯ ಮನೆಗೂ ನಡುವೆ ಒಂದೇ ಗೋಡೆ. ಆಕೆಯ ಗಂಡ ಬಟ್ಟೆಯ ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ತಿರುಗುವವರು. ಚಾಚಿ ಮನೆಯಲ್ಲೇ ಹೊಲಿಗೆ ಹೊಲಿಯುತ್ತಾರೆ. ಸೋಲಾಪುರದ ಒಂದು ಕಾರಖಾನೆಯಲ್ಲಿ ಕೆಲಸಕ್ಕಿರುವ ಆಕೆಯ ಅಣ್ಣ, ಅಲ್ಲಿಗೆ ಹೊಸ ಯಂತ್ರಗಳು ಬಂದಾಗ ಮೂಲೆಗೆ ಬಿದ್ದ ಹಳೆಯದೊಂದನ್ನು ಟೆಂಪೋಕ್ಕೆ ಹಾಕಿ ತಂಗಿಗೆ ಕಳಿಸಿಕೊಟ್ಟಿದ್ದ. ತಾನೇ ಹೂವು ಬಳ್ಳಿ ಹಾಕುವ ಯಂತ್ರ. ಆದರೆ ಯಾವ ಹೂವು ಎಂಬುದನ್ನು ಅದಕ್ಕೆ ಫ್ಲಾಪಿಯಲ್ಲಿ ತುಂಬಿ ಕೊಡಬೇಕು. ಅಂಗೈಯಗಲದ ಆ ಚೌಕ ಪ್ಲಾಸ್ಟಿಕ್ ತುಂಡನ್ನು ನಾನೇ ಕಾಲೇಜಿನಲ್ಲಿ ಚಿತ್ರದಲ್ಲಿ ಮಾತ್ರ ನೋಡಿದ್ದು. ಯಂತ್ರದ ಜೊತೆ ಒಂದು ಡಬ್ಬಿ ಖಾಲಿ ಫ್ಲಾಪಿ ಬಂದಿದ್ದವು, ಚಿತ್ರ ಬರೆಯುವ ಸಾಫ್ಟ್‌ವೇರಿನ ಒಂದು ಸಿಡಿ ಬಂದಿತ್ತು. ಚಿತ್ರ ಬರೆದು ಫ್ಲಾಪಿಗೆ ತುಂಬುವ ಕಂಪ್ಯೂಟರ್ ಮಾತ್ರ ಬಂದಿರಲಿಲ್ಲ. ಹಾಗಾಗಿ ಯಂತ್ರ ಮನೆಯ ಮುಂದಿನ ಕೋಣೆಯಲ್ಲಿ ಚಾದರ ಹೊದ್ದುಕೊಂಡು ಆರು ತಿಂಗಳು ಕುಳಿತಿತ್ತು.

ಆ ಕೋಣೆಯ ಮೇಲೆ ಚಾಚಿಯ ಮೈದುನನ ಕಣ್ಣಿತ್ತು. ಬಾಗಿಲು ನೇರ ರಸ್ತೆಗೆ. ಅಲ್ಲೊಂದು ಫ್ರಿಜ್ ಇಟ್ಟು ತಂಪು ಪಾನೀಯ ಮಾರಬೇಕೆಂಬುದು ಅವರ ವಿಚಾರ. ಒಂದು ದಿನ ಯಂತ್ರದ ಮೇಲಿನ ಚಾದರ ಎತ್ತಿ, ಹೆಣ ನೋಡಿದವರಂತೆ ಮತ್ತೆ ಹೊದಿಸಿ ಹೇಳಿದರು: "ಭಾಭಿ, ಬರೋ ಗುರುವಾರ ಗುಜರಿ ಒಯ್ಯೋ ಭಂಗಾರದ ಗಾಡಿ ಬರತೈತಿ. ಅಷ್ಟರಾಗ ಇದು ಒಂದ ಹೂವು ತಗೀಲಿ, ನಾ ಬಾಯಿ ಮುಚ್ಚತೀನಿ. ಇಲ್ಲಾಂದ್ರ ಇದು ಗಾಡ್ಯಾಗ."

"ಹೂವ ಯಾಕ, ಟಗರು ತಗಸ್ತೀನಿ," ಎಂದರು ಚಾಚಿ.

ಅದು ಬರೀ ಪೌರುಷದ ಮಾತಲ್ಲ. ಮಾಡಗ್ಯಾಳದ ಕುರಿಯವರೊಬ್ಬರು ತಮ್ಮ ಟಗರಿನ ಬೆನ್ನಿಗೆ ಹೊದಿಸಲು ಒಂದು ಝೂಲ ಬೇಕೆಂದು ಹೇಳಿಹೋಗಿದ್ದರು. ಸುತ್ತ ಹೂವಿನ ಅಂಚು, ನಡುವೆ ಅದೇ ಟಗರಿನ ಮೋರೆ. ಚಾಚಿ ತಡಮಾಡದೆ ಒಪ್ಪಿಕೊಂಡುಬಿಟ್ಟಿದ್ದರು. ಯಂತ್ರ ನಡೆದರೆ ತನ್ನದೇ ಒಂದು ಕೆಲಸ, ತನ್ನದೇ ಒಂದು ಕೋಣೆ. ನಡೆಯದಿದ್ದರೆ ಎರಡೂ ಹೋಯಿತು.

ಮೈದುನ ಆಚೆ ಹೋದ ಮೇಲೆ ಚಾಚಿ ಗೋಡೆಯ ಮೇಲಿಂದ ನನ್ನನ್ನು ಕರೆದು, ಹಳೇ ಕಂಪ್ಯೂಟರ್ ಹುಡುಕಿ ಯಂತ್ರ ನಡೆಸಲು ಆಗುತ್ತದೆಯೇ ಎಂದು ಕೇಳಿದರು. ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಓಣಿಯಲ್ಲಿ ಬಿ.ಎಸ್ಸಿ. ಆದವಳು ಎಂದರೆ ಮೊಬೈಲು, ಆಧಾರ್ ಕಾರ್ಡು, ಬಾವಿಯ ಮೋಟಾರು ಎಲ್ಲಕ್ಕೂ ಉತ್ತರ ಕೊಡಬೇಕಾದವಳು. ಗೊತ್ತಿಲ್ಲ ಎಂದರೆ ನಮ್ಮಪ್ಪನ ಮರ್ಯಾದೆಯ ಪ್ರಶ್ನೆ. "ಆಗತೈತ್ರಿ ಚಾಚಿ, ಅದರಾಗೇನೈತಿ," ಎಂದೆ.

ಮರುದಿನ ಇಬ್ಬರೂ ತಾಲೂಕಿನ ಊರಾದ ಜತ್ತಕ್ಕೆ ಹೋಗಿ ಭಂಗಾರದ ಅಂಗಡಿಗಳನ್ನು ಸುತ್ತಿದೆವು. ಮೂರನೆಯದರಲ್ಲಿ, ಮುರಿದ ಕೂಲರುಗಳ ಹಿಂದೆ, ನಾವು ಹುಡುಕುತ್ತಿದ್ದದ್ದು ಸಿಕ್ಕಿತು: ತಗಡಿನ ಡಬ್ಬಿ, ಮುಂದೆ ಫ್ಲಾಪಿ ತೂರಿಸುವ ಸೀಳು, ಹಿಂದೆ ಹೊಟ್ಟೆ ಇರುವ ದಪ್ಪ ಮಾನಿಟರು. ವಾಯರಿನ ಪ್ಲಗ್ಗಿನಲ್ಲಿ ಎರಡೇ ಪಿನ್ನಿದ್ದವು. ಮೇಲಿನ ದಪ್ಪ ಪಿನ್ನನ್ನು ಯಾರೋ ಇಕ್ಕಳದಿಂದ ಕಿತ್ತಿದ್ದರು.

"ಮೂರನೇದ ಎಲ್ಲಿ ಹೋತ್ರಿ?" ಎಂದೆ.

"ಅದ ಸುಮ್ನ ಶೋಕಿಗಿ ಇರತೈತ್ರಿ ಅಕ್ಕಾರ. ಅದಿಲ್ಲಂದ್ರ ಎಲ್ಲಾ ಬೋರ್ಡಿನ್ಯಾಗೂ ಕುಂದರತೈತಿ," ಎಂದ ಅಂಗಡಿಯವ.

ಹತ್ತನೆಯ ತರಗತಿಯಲ್ಲಿ ಅರ್ಥಿಂಗಿನ ಚಿತ್ರ ಬರೆದು, ಹಸಿರು ಪೆನ್ಸಿಲ್ಲಿನಿಂದ ತಂತಿಗೆ ಬಣ್ಣ ತುಂಬಿ, ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದೇ ಆ ದಪ್ಪ ಪಿನ್ನಿನ ಕೆಲಸವೆಂದು ನನಗೆ ಗೊತ್ತಿತ್ತು. ಆದರೆ ಚಾಚಿಯ ಮನೆಯ ಬೋರ್ಡಿನಲ್ಲೂ ಎರಡೇ ತೂತು ಇದ್ದದ್ದು ನೆನಪಾಗಿ, ಚಲೋ ಆಯಿತು, ಸರಿಯಾಗಿ ಕೂಡುತ್ತದೆ ಎಂದುಕೊಂಡೆ. ಓದಿದ್ದು ಪರೀಕ್ಷೆಯ ಹಾಳೆಯಲ್ಲೇ ಉಳಿದುಬಿಟ್ಟಿತ್ತು.

ವಾಪಸು ಬರುವಾಗ ಮಾನಿಟರು ನನ್ನ ತೊಡೆಯ ಮೇಲೆ, ಡಬ್ಬಿ ಚಾಚಿಯ ತೊಡೆಯ ಮೇಲೆ. ಕಂಡಕ್ಟರ್ ಬಂದು ಮಾನಿಟರನ್ನು ಬೆರಳಿನಿಂದ ತಟ್ಟಿ, "ಈ ಟೀವ್ಹಿಗೆ ಫುಲ್ ತಿಕೀಟೋ ಹಾಫ್ ತಿಕೀಟೋ?" ಎಂದ.

"ಹೆಣ್ಣ ಐತ್ರಿ ಅದು. ಅರ್ಧಾನ ತಗೋರಿ," ಎಂದರು ಚಾಚಿ. ನಮ್ಮ ಕಡೆ ಎಸ್‌ಟಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ತಿಕೀಟು. ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಎರಡೇ ತಿಕೀಟು ಹರಿದು ಕೊಟ್ಟು ಮುಂದೆ ಹೋದ.

ಶನಿವಾರ ಬೆಳಿಗ್ಗೆ ಡಬ್ಬಿ ಬಿಚ್ಚಿದೆ. ಒಳಗೆ ಇಲಿಯೊಂದು ಸಂಸಾರ ಹೂಡಿ ಬಿಟ್ಟುಹೋದ ಕುರುಹು: ಹತ್ತಿ, ಜೋಳದ ಸಿಪ್ಪೆ, ಹರಿದ ಕಾಗದ. ಎಲ್ಲವನ್ನೂ ಹಳೆಯ ಬಣ್ಣದ ಬ್ರಷ್ಷಿನಿಂದ ಗುಡಿಸಿದೆ. ಸ್ವಿಚ್ ಹಾಕಿದರೆ ಕಂಪ್ಯೂಟರ್ ಮರಿಯಿಂದ ಅಗಲಿದ ಕುರಿಯಂತೆ ಕೂಗಿಕೊಂಡಿತು, ಪರದೆ ಮಾತ್ರ ಕಪ್ಪು. ರ‍್ಯಾಮ್ ಎಂಬ ನೆನಪಿನ ಪಟ್ಟಿ ಕಿತ್ತು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದೆ. ಈ ಸಲ ಒಂದೇ ಸಲ ಕೂಗಿ ಪರದೆ ಬೆಳಗಿತು. ಮೋಡ, ನೀಲಿ ಆಕಾಶ, ಹಳೇ ವಿಂಡೋಸ್. ಚಾಚಿ ಎರಡೂ ಕೈಯಿಂದ ನನ್ನ ಮುಖ ನೀವಿ ನೆಟಿಕೆ ಮುರಿದರು.

ಒಂದೇ ತೊಂದರೆ. ಒಳಗಿನ ಬಿಲ್ಲೆಯಂಥ ಸೆಲ್ಲು ಸತ್ತಿದ್ದರಿಂದ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಗಡಿಯಾರ ಹಿಂದಕ್ಕೆ ಹೋಗಿ, ನಾನು ಹುಟ್ಟುವುದಕ್ಕೂ ಮುಂಚಿನ ಇಸವಿ ತೋರಿಸುತ್ತಿತ್ತು. ನಾನು ಜಾಣತನದಿಂದ ಹೊಸ ಸೆಲ್ಲು ಹಾಕಿ ತಾರೀಖು ಸರಿಪಡಿಸಿದೆ. ತಕ್ಷಣ ಚಿತ್ರದ ಸಾಫ್ಟ್‌ವೇರ್ ಮುಷ್ಕರ ಹೂಡಿತು. ಈಗಿನ ಇಸವಿ ಕಂಡರೆ ಬೆಚ್ಚಿ ನಿಂತುಬಿಡುವುದು, ಎಷ್ಟು ಒತ್ತಿದರೂ ಅಲುಗುವುದಿಲ್ಲ. ಅರ್ಧ ದಿನ ಹೆಣಗಿ, ಕೊನೆಗೆ ಹೊಸ ಸೆಲ್ಲು ತೆಗೆದು ಸತ್ತದ್ದನ್ನೇ ಮತ್ತೆ ಕೂಡಿಸಿದೆ. ಆರಾಮವಾಗಿ ತೆರೆದುಕೊಂಡಿತು.

"ಹಳೇ ಮಂದಿ ಹಂಗ. ಈಗಿನ ಸುದ್ದಿ ಹೇಳಬಾರದು ಅವರಿಗಿ," ಎಂದರು ಚಾಚಿ, ಹೊರಸಿನ ಮೇಲೆ ಕುಳಿತಿದ್ದ ಅತ್ತೆಯ ಕಡೆ ವಾರೆಗಣ್ಣಿನಿಂದ ನೋಡುತ್ತ.

ಅತ್ತೆ, ನಾವೆಲ್ಲ ದಾದಿ, ಅಂದರೆ ಅಜ್ಜಿ, ಎನ್ನುತ್ತೇವೆ, ಕೈಕೋಲು ನೆಲಕ್ಕೆ ಕುಟ್ಟಿ, "ಕೇಳ್ತೈತಿ ನನಗ, ಕಿವಿ ಇನ್ನೂ ಹೊಸಾವ ಅದಾವ," ಎಂದರು.

ಇನ್ನು ನನ್ನ ಕಟ್ಟುನಿಟ್ಟು. ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಎರಡು ನೇಮಗಳಿದ್ದವು: ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಎಸಿ ನಡೆಯುತ್ತಿರಬೇಕು. ಧೂಳು ಮತ್ತು ಸೆಕೆ ಕಂಪ್ಯೂಟರಿನ ಶತ್ರು ಎಂದು ಸರ್ ದಿನಾ ಹೇಳುತ್ತಿದ್ದರು. ನಮ್ಮ ಕಡೆಯ ಬೇಸಗೆಯಲ್ಲಿ ತಗಡಿನ ಮಾಡಿನ ಕೋಣೆ ರೊಟ್ಟಿಯ ಹಂಚಿನ ಹಾಗೆ ಕಾಯುತ್ತದೆ. ಎಸಿ ಎಲ್ಲಿಂದ ತರುವುದು? ನಮ್ಮ ಮನೆಗಳಲ್ಲಿ ಹಸುಗೂಸು ಮಲಗಿಸುವ ಕೋಣೆಯನ್ನು ಹೇಗೆ ತಂಪು ಮಾಡುತ್ತಾರೋ ಹಾಗೆಯೇ ಮಾಡಿಸಿದೆ. ಕಿಟಕಿಗೆ ಒದ್ದೆ ಗೋಣಿತಟ್ಟು, ನೆಲಕ್ಕೆ ಹಾಸಿದ ಶಹಾಬಾದ ಫರಸಿಯ ಮೇಲೆ ತಾಸಿಗೊಂದು ಸಲ ನೀರು. ಹೊಸ್ತಿಲಿನ ಆಚೆ ಚಪ್ಪಲಿ. ಚಾಚಿ ಒಪ್ಪಿದರು. ಮೈದುನ ಗೊಣಗುತ್ತ ಬಿಟ್ಟರು. ದಾದಿ ಮಾತ್ರ, "ನನ್ನ ಹಿಮ್ಮಡ ಒಡದಾವ, ನಾ ಬಿಡಂಗಿಲ್ಲ," ಎಂದು ರಬ್ಬರಿನ ಚಪ್ಪಲಿ ಚಟಪಟ ಮಾಡುತ್ತಲೇ ಒಳಗೆ ಬಂದರು. ಕಾಲೇಜು ಕಲಿಯದವರ ಜೊತೆ ಎಷ್ಟೆಂದು ಜಗಳವಾಡುವುದು ಎಂದು ಸುಮ್ಮನಾದೆ.

ಒದ್ದೆ ನೆಲ, ಬರಿಗಾಲು, ಅರ್ಥಿಂಗ್ ಇಲ್ಲದ ತಗಡಿನ ಡಬ್ಬಿ. ಮೂರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದವಳು ನಾನೇ, ಕಂಪ್ಯೂಟರಿನ ಮೇಲಿನ ಕಾಳಜಿಯಿಂದ.

ಅದು ಮುನ್ಸೂಚನೆ ಕೊಡಲಿಲ್ಲ ಎಂದು ಹೇಳಲಾರೆ. ರವಿವಾರದಿಂದಲೇ ಡಬ್ಬಿಗೆ ಕೈ ತಗುಲಿದರೆ ಜುಮ್ಮೆನ್ನುತ್ತಿತ್ತು. "ಇದು ಕಚಗುಳಿ ಇಡತೈತಿ ನೋಡು," ಎಂದರು ಚಾಚಿ. "ಎಲ್ಲಾ ಕಂಪ್ಯೂಟರ್ ಹಂಗ ಇರತಾವ್ರಿ," ಎಂದೆ. ಸೋಮವಾರ ಮಧ್ಯಾಹ್ನ ಚಾಚಿ ಡಬ್ಬಿ ಹಿಡಿದುಕೊಂಡು ಕಣ್ಣು ಮೇಲೆ ಮಾಡಿ, ಮೈಯೆಲ್ಲ ನಡುಗಿಸಿ, ಗರಗರ ಸದ್ದು ಮಾಡಿದರು. ದಾದಿ "ಯಾ ಅಲ್ಲಾ" ಎಂದು ಎದ್ದೇಬಿಟ್ಟರು. ಆಮೇಲೆ ಚಾಚಿ ನಕ್ಕದ್ದೇ ನಕ್ಕದ್ದು. ದಾದಿ ಸಂಜೆಯವರೆಗೂ ಸೊಸೆಯ ಜೊತೆ ಮಾತು ಬಿಟ್ಟಿದ್ದರು.

ಮಂಗಳವಾರ. ಆ ಹೊತ್ತಿಗೆ ಹೂವಿನ ಅಂಚು ತಯಾರಾಗಿತ್ತು, ಟಗರಿನ ಮೋರೆಯೂ ಪರದೆಯ ಮೇಲೆ ಬಂದಿತ್ತು. ಯಂತ್ರ ನಾನು ಪರೀಕ್ಷೆಗೆಂದು ತುಂಬಿಕೊಟ್ಟ ಫ್ಲಾಪಿಯೊಂದರ ಬಳ್ಳಿಯನ್ನು ಚಿಂದಿ ಬಟ್ಟೆಯ ಮೇಲೆ ಹೊಲಿಯುತ್ತ, ಪಕ್ಕದ ಮೇಜನ್ನೂ ಅದರ ಮೇಲಿನ ಕಂಪ್ಯೂಟರನ್ನೂ ಅಲುಗಾಡಿಸುತ್ತ ನಡೆದಿತ್ತು. ಚಾಚಿ ಆಗಷ್ಟೇ ನೆಲಕ್ಕೆ ನೀರು ಹೊಡೆದು, ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದರು. ಬಲಗೈಯಿಂದ ಡಬ್ಬಿಯ ಅಂಚು ಹಿಡಿದು, ಎಡಗೈಯಿಂದ ಹೊಸ ಫ್ಲಾಪಿಯನ್ನು ಸೀಳಿಗೆ ಒತ್ತಿದರು.

ಆಮೇಲೆ ಅಲುಗಲಿಲ್ಲ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಭುಜ ಸಣ್ಣಗೆ ನಡುಗುತ್ತಿತ್ತು.

ನಾನು ನಕ್ಕೆ.

ನಿನ್ನೆಯ ಆಟವೇ ಎಂದುಕೊಂಡು ನಕ್ಕೆ. "ಸಾಕ್ರಿ ಚಾಚಿ, ದಾದಿ ಮತ್ತ ಸಿಟ್ಟಾಗತಾರ," ಎಂದೂ ಅಂದೆ. ಈ ವಾಕ್ಯ ಹೇಳಲು ಎಷ್ಟು ಹೊತ್ತು ಬೇಕು ಎಂದು ನಾನು ಆಮೇಲೆ ಎಷ್ಟೋ ಸಲ ಹೇಳಿ ನೋಡಿದ್ದೇನೆ. ಮೆಲ್ಲಗೆ ಹೇಳಿದರೆ ನಾಲ್ಕು ಎಣಿಸುವಷ್ಟು, ಲಗುಬಗೆಯಿಂದ ಹೇಳಿದರೆ ಎರಡು. ಆ ದಿನ ನಗುತ್ತ ಹೇಳಿದ್ದೆ, ಆದ್ದರಿಂದ ನಾಲ್ಕೇ ಇರಬೇಕು.

ಆಕೆಯ ಕಣ್ಣು ನೋಡಿದಾಗ ತಿಳಿಯಿತು. ಎಳೆದುಕೊಳ್ಳಬೇಕೆಂದು ಎರಡೂ ಕೈ ಚಾಚಿ ಓಡಿದೆ, ಬರಿಗಾಲಲ್ಲಿ, ಒದ್ದೆ ಫರಸಿಯ ಮೇಲೆ. ನನ್ನ ಬೆರಳು ಆಕೆಯ ತೋಳಿಗೆ ಒಂದು ಗೇಣು ದೂರವಿದ್ದಾಗ ಮಣಿಕಟ್ಟಿಗೆ ಟಪ್ಪೆಂದು ಪೆಟ್ಟು ಬಿತ್ತು. ದಾದಿಯ ಕೋಲು. "ಹಾತ್ ನಕ್ಕೋ ಲಗಾ!" ಮುಟ್ಟಬೇಡ ಎಂದು ಕೂಗಿದ ಆ ದನಿ ಆ ಮುದುಕಿಯದೆಂದು ನಂಬಲಾಗದಷ್ಟು ದೊಡ್ಡದಿತ್ತು. ಮರುಗಳಿಗೆಗೆ ಅದೇ ಕೋಲಿನ ಕೊಕ್ಕೆಯನ್ನು ವಾಯರಿಗೆ ಸಿಕ್ಕಿಸಿ ಜಗ್ಗಿದರು. ಪ್ಲಗ್ಗು ಬೋರ್ಡಿನಿಂದ ಕಿತ್ತು ಬಂತು. ಚಾಚಿ ಹಿಂದಕ್ಕೆ ಬಿದ್ದರು. ಟಗರಿನ ಮೋರೆ ಪರದೆಯಿಂದ ಮಾಯವಾಯಿತು.

ಎಷ್ಟೋ ವರ್ಷಗಳ ಹಿಂದೆ ದಾದಿಯ ತವರಿನ ಬಾವಿಯ ಮೋಟಾರು ಒಂದು ಎಮ್ಮೆಯನ್ನು ಹಿಡಿದಿತ್ತಂತೆ. ಬಿಡಿಸಲು ಹೋದವನನ್ನೂ ಹಿಡಿಯಿತಂತೆ. ಅದನ್ನು ಅವರು ಕಣ್ಣಾರೆ ಕಂಡವರು.

ಚಾಚಿ ಉಸಿರಾಡುತ್ತಿದ್ದರು. ದಾದಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೈಯುತ್ತ, ಎದೆ ನೀವುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ಚಾಚಿ ಕಣ್ಣು ತೆರೆದು, "ಫ್ಲಾಪಿ ಒಳಗ ಹೋತೇನ?" ಎಂದರು.

"ನಿನ್ನ ಫ್ಲಾಪಿ ಸುಡಲಿ," ಎಂದು ದಾದಿ ಅಳತೊಡಗಿದರು. ನಾನು ಅಳಲಿಲ್ಲ. ಯಂತ್ರ ಇನ್ನೂ ಬಳ್ಳಿ ಹೊಲಿಯುತ್ತಲೇ ಇತ್ತು, ಅದನ್ನು ಹೇಗೆ ನಿಲ್ಲಿಸುವುದೆಂದೇ ನೆನಪಾಗದೆ ನೋಡುತ್ತ ನಿಂತಿದ್ದೆ.

ಮೈದುನ ಓಡಿಬಂದು ಅತ್ತಿಗೆಯನ್ನು ದವಾಖಾನೆಗೆ ಕರೆದೊಯ್ದರು. ದಾದಿ, ನಾನು ಹಿಂದಿನಿಂದ ರಿಕ್ಷಾದಲ್ಲಿ. ಡಾಕ್ಟರು ಎದೆಗೆ ವಾಯರು ಹಚ್ಚಿ ಇಸಿಜಿ ತೆಗೆದು ನೋಡಿ, ಹೃದಯ ಸರಿಯಿದೆ ಎಂದರು. ಎರಡು ಬೆರಳು ಸುಟ್ಟಿದ್ದವು, ಪಟ್ಟಿ ಕಟ್ಟಿದರು. "ಈ ಕನೆಕ್ಷನ್ ಯಾರ ಮಾಡಿದವರು?" ಎಂದು ಕೇಳಿದರು.

"ಬಿ.ಎಸ್ಸಿ. ಆಗೇತ್ರಿ ಆಕಿದು," ಎಂದರು ದಾದಿ, ಕೋಲಿನಿಂದ ನನ್ನ ಕಡೆ ತೋರಿಸಿ. ಡಾಕ್ಟರು ನನ್ನ ನೀಲಿಗಟ್ಟಿದ ಮಣಿಕಟ್ಟು ನೋಡಿ ಅದಕ್ಕೂ ಒಂದು ಮುಲಾಮು ಬರೆದುಕೊಟ್ಟರು.

ಬುಧವಾರ ಬೆಳಿಗ್ಗೆ ಗೋಡೆಯಾಚೆ ಜೋರು ಮಾತು. ಹೋಗಿ ಹೊಸ್ತಿಲಿನ ಹೊರಗೆ ನಿಂತೆ. ಒಳಗೆ ಕಾಲಿಡಲು ಮನಸ್ಸಾಗಲಿಲ್ಲ. ಮೈದುನ ಯಂತ್ರದ ಮೇಲೆ ಕೈಯಿಟ್ಟು ನಿಂತಿದ್ದರು.

"ನಾಳಿ ಅಲ್ಲ ಭಾಭಿ, ಇವತ್ತ ಹೋಗತೈತಿ ಇದು. ಡಬ್ಬೀನೂ ಹೋಗತೈತಿ. ನಿಮಗ ಏನರ ಆಗಿದ್ರ ಅಣ್ಣಗ ನಾ ಏನ ಹೇಳತಿದ್ದೆ?"

"ಮಷಿನ್ ನನ್ನ ಹಿಡದಿಲ್ಲ. ಡಬ್ಬಿ ಹಿಡದೈತಿ."

"ಡಬ್ಬಿ ಇಲ್ದ ಮಷಿನ್ ನಡೀತೈತೇನು?"

"ಇಲ್ಲ. ಅದಕ್ಕ ಡಬ್ಬಿ ರಿಪೇರಿ ಆಗಬೇಕು."

"ಹುಚ್ಚ ಹಿಡದೈತಿ ನಿಮಗ!"

ಚಾಚಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. ದನಿ ಏರಿಸಲಿಲ್ಲ. "ಅಂಜಿಕಿ ಆಗೇತಿ. ಆಗಿಲ್ಲ ಅನ್ನಂಗಿಲ್ಲ. ರಾತ್ರಿ ಬೆಳತನಕ ಕೈ ಮುಚ್ಚಿ ತಗದು ನೋಡೀನಿ, ನಂದ ಐತೋ ಇಲ್ಲೋ ಅಂತ. ಆದ್ರ ಈ ಮನ್ಯಾಗ ನಂದಂತ ಇರೋದು ಈ ಮಷಿನ್ ಒಂದ. ನನಗ ಏನೂ ಆಗಬಾರದು ಅಂದ್ರ ಭಂಗಾರದವನ್ನ ಕರೀಬ್ಯಾಡ, ವಾಯರಮನ್ನ ಕರಕೊಂಡ ಬಾ."

ಮೈದುನ ತಾಯಿಯ ಕಡೆ ನೋಡಿದರು. ದಾದಿ ನೆಲ ನೋಡುತ್ತ, "ಎಮ್ಮಿ ಸತ್ತ ಮ್ಯಾಲೂ ನಮ್ಮಪ್ಪ ಬಾವಿ ಮುಚ್ಚಿರಲಿಲ್ಲ," ಎಂದರು. ಮೈದುನ ಗಾಡಿಯ ಕೀಲಿ ತೆಗೆದುಕೊಂಡು ಹೊರಟರು. ನನ್ನ ಪಕ್ಕದಿಂದ ಹೋಗುವಾಗ, "ಸೈನ್ಸ್," ಎಂದು ಒಂದೇ ಮಾತು ಉಗುಳಿದರು.

ವಾಯರಮನ್ ಡಬ್ಬಿ ಬಿಚ್ಚಿ ತೋರಿಸಿದ. ಕರೆಂಟು ಒಳಬರುವ ಕಡೆ ಇಲಿ ವಾಯರಿನ ಮೇಲಿನ ಸಿಪ್ಪೆ ಕಡಿದಿತ್ತು. ಯಂತ್ರ ಅಲುಗಾಡಿಸಿ ಅಲುಗಾಡಿಸಿ ಆ ಬತ್ತಲೆ ತಂತಿಯನ್ನು ತಗಡಿಗೆ ತಗುಲಿಸಿತ್ತು. ನಾನು ಹತ್ತಿ ಗುಡಿಸಿದ್ದೆ, ಜೋಳದ ಸಿಪ್ಪೆ ಗುಡಿಸಿದ್ದೆ, ಹಲ್ಲಿನ ಗುರುತು ನೋಡಿರಲಿಲ್ಲ. ಆತ ಕರೆಂಟಿನ ಭಾಗವನ್ನೇ ಬದಲಿಸಿದ, ಮೂರು ಪಿನ್ನಿನ ವಾಯರು, ಮೂರು ತೂತಿನ ಬೋರ್ಡು ಹಾಕಿದ, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು ಕೂಡಿಸಿದ. ಅಂಗಳದಲ್ಲಿ ಆಳವಾಗಿ ತಗ್ಗು ತೋಡಿಸಿ, ಉಪ್ಪು ಇದ್ದಿಲು ತುಂಬಿ, ಅಲ್ಲಿಂದ ಬೋರ್ಡಿಗೆ ಅರ್ಥಿಂಗಿನ ದಪ್ಪ ತಂತಿ ಎಳೆದ.

"ನೀರ ಹಾಕೋ ಆಸೆ ಭಾಳ ಇದ್ರ ಇಲ್ಲಿ ಹಾಕ್ರಿ, ತಗ್ಗಿನ್ಯಾಗ," ಎಂದ. "ಕೋಣ್ಯಾಗ ಕಾಲಾಗ ಚಪ್ಪಲ್ ಇರಲಿ. ಮತ್ತ ಡಬ್ಬಿ ಮೊದಲ ಟೆಸ್ಟರಿನಿಂದ ನೋಡಬೇಕು, ಆಮ್ಯಾಲೂ ಸಂಶಯ ಇದ್ರ ಅಂಗೈ ಅಲ್ಲ, ಹಿಂಗೈ ತಾಗಿಸಬೇಕು. ಅಂಗೈ ಆದ್ರ ಹಿಡಕೊಂತೈತಿ, ಹಿಂಗೈ ಆದ್ರ ಝಾಡಿಸಿ ಒಗೀತೈತಿ." ಇದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಗುರುವಾರ ಚಾಚಿ ಎಡಗೈಯಿಂದಲೇ ಎಲ್ಲವನ್ನೂ ನಡೆಸಿದರು. ನಾನು ಹೊಸ್ತಿಲಿನಲ್ಲಿ ನಿಂತು ಯಾವ ಗುಂಡಿ, ಯಾವ ಸಾಲು ಎಂದು ಹೇಳುತ್ತಿದ್ದೆ. ಯಂತ್ರ ಫ್ಲಾಪಿ ಓದಿತು, ಸೂಜಿ ಇಳಿಯಿತು, ಕೆಂಪು ಬಟ್ಟೆಯ ಮೇಲೆ ಒಂದೊಂದಾಗಿ ಹೂವು ಬಿಚ್ಚಿಕೊಂಡವು. ಆಮೇಲೆ, ಮೊದಲು ಚಿಂದಿ ಬಟ್ಟೆಯ ಮೇಲೆ, ಟಗರಿನ ಮೋರೆ. ಮೈದುನ ಒಳಗೆ ಬಂದವರು ಹೊರಗೆ ಹೋಗಲೇ ಇಲ್ಲ. ಬಗ್ಗಿ ನೋಡಿದರು, ದೂರ ನಿಂತು ನೋಡಿದರು.

"ಇದು ಮಾಡಗ್ಯಾಳದ ಟಗರೇನು? ನಾಯಿ ಕಂಡಂಗ ಕಾಣತೈತಿ. ಅವುಗಳ ಮೂಗು ಗಿಳಿ ಮೂಗಿನಂಗ ಡೊಂಕ ಇರತೈತಿ, ಇದು ನೆಟ್ಟಗೈತಿ."

ಹೊರಗೆ ಭಂಗಾರದ ಗಾಡಿ ಬಂದು ಹಾರ್ನು ಹೊಡೆಯಿತು. ಮೈದುನ ವಾಯರಮನ್ ಡಬ್ಬಿಯೊಳಗಿಂದ ಕಿತ್ತಿಟ್ಟಿದ್ದ ಹಳೆಯ ಕರೆಂಟಿನ ಭಾಗವನ್ನಷ್ಟೇ ಒಯ್ದು ಗಾಡಿಯಲ್ಲಿ ಎಸೆದು ಬಂದು, ಅಲ್ಲಿಗೇ ನಿಲ್ಲಿಸಿದ್ದ ಮಾತು ಮುಂದುವರಿಸಿದರು: "ಮೂಗು ಬಗ್ಗಸ್ರಿ ಮೊದಲ. ಕುರಿಯವ ನಗತಾನ."

ಗೆರೆ ಬಗ್ಗಿಸುವುದು ಚಾಚಿಗೆ ಬರುತ್ತಿರಲಿಲ್ಲ. "ಬಾ ಮಗಳ," ಎಂದರು. ನಾನು ನೆಲ ನೋಡಿದೆ, ಒಣಗಿತ್ತು. ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋಗಿ, ಟೆಸ್ಟರ್ ಹಚ್ಚಿ ನೋಡಿ, ಹಿಂಗೈಯನ್ನು ಡಬ್ಬಿಗೆ ತಾಗಿಸಿದೆ. ತಗಡು ತಣ್ಣಗಿತ್ತು, ಅಷ್ಟೇ. ಆದರೂ ಕುರ್ಚಿಯ ಮೇಲೆ ಕುಳಿತು ಎರಡೂ ಪಾದ ಮೇಲೆತ್ತಿಕೊಂಡೆ. ಮೂವರೂ ನನ್ನ ತಲೆಯ ಹಿಂದೆ ನಿಂತು ಇನ್ನಷ್ಟು, ಸಾಕು, ಭಾಳಾತು ಎಂದು ಜಗಳವಾಡಿದರು. ಮೂಗು ಡೊಂಕಾಗುವ ಹೊತ್ತಿಗೆ ನನ್ನ ಪಾದಗಳು ತಾವಾಗಿಯೇ ನೆಲಕ್ಕೆ ಇಳಿದಿದ್ದವು.

ಮರುದಿನ ಕುರಿಯವರು ಬಂದು ಝೂಲವನ್ನು ಬಿಸಿಲಿಗೆ ಹಿಡಿದು ನೋಡಿದರು. "ಮೂಗು ನಮ್ಮದಕ್ಕಿಂತ ಚಲೋ ಬಂದೈತಿ. ಇನ್ನೊಂದ ಟಗರಿಗೂ ಮಾಡಿ ಕೊಡ್ರಿ," ಎಂದರು. ಚಾಚಿ ಪಟ್ಟಿ ಕಟ್ಟಿದ ಕೈಯಿಂದಲೇ ಸೆರಗು ಸರಿಪಡಿಸಿಕೊಂಡು, ಆ ಟಗರಿನ ಫೋಟೋ ಕಳಿಸಲು ಹೇಳಿದರು.

ಮೈದುನ ಆಗ ಅಂಗಳದಲ್ಲಿದ್ದರು. ತಗಡಿನ ಚಪ್ಪರದ ಕೆಳಗೆ, ರಸ್ತೆಯ ಕಡೆಯ ಗೋಡೆಗೆ ಒಂದು ದಾರ ಹಿಡಿದು ಅಳೆಯುತ್ತಿದ್ದರು. ವಾಯರಮನ್‌ಗೆ ಫೋನ್ ಹಚ್ಚಿ ಕೇಳುತ್ತಿದ್ದದ್ದು ನಮಗೂ ಕೇಳಿಸಿತು: "ಅಲ್ಲೋ, ನಿನ್ನ ಆ ಉಪ್ಪಿನ ತಗ್ಗು ಐತಲ್ಲ, ಅದು ಒಂದ ಫ್ರಿಜ್ಜಿಗೂ ನಡೀತೈತೇನ?"